ಕಾರ್ಥೇಜಿನ ಪತಿತರು

ಕ್ರಿ.ಶ. 250ರ ಮೊದಲ ತಿಂಗಳುಗಳಲ್ಲಿ, ರೋಮನ್ ಆಫ್ರಿಕದ ರಾಜಧಾನಿಯಾದ ಕಾರ್ಥೇಜ್ ಪಟ್ಟಣದ ದೇವಾಲಯದ ದಿಬ್ಬವನ್ನೇರುತ್ತಿದ್ದ ಜನಸ್ತೋಮದೊಳಗೆ ಆ ಊರಿನ ಕ್ರೈಸ್ತರೂ ಗುಂಪುಗುಂಪಾಗಿ ಸೇರಿದ್ದರು. ಸಾಮ್ರಾಜ್ಯದ ಪ್ರಜೆಗಳೆಲ್ಲರೂ ಪೂರ್ವಿಕರ ದೇವತೆಗಳಿಗೆ ಬಲಿಯನ್ನರ್ಪಿಸಿ, ದ್ರಾಕ್ಷಾರಸವನ್ನೆರೆದು, ಬಲಿಯ ಮಾಂಸವನ್ನು ಬಾಯಿಗಿಟ್ಟುಕೊಂಡು, ಹಾಗೆ ಮಾಡಿದುದಕ್ಕೆ ಸಾಕ್ಷಿಯಾಗಿ ಅಧಿಕಾರಿಗಳ ರುಜುವುಳ್ಳ ಪತ್ರವನ್ನು ಪಡೆಯತಕ್ಕದ್ದೆಂದು ಚಕ್ರವರ್ತಿ ಡೆಸಿಯಸ್ ಆಜ್ಞೆ ಹೊರಡಿಸಿದ್ದನು. ಯಾರೂ ಹಿಡಿದೆಳೆಯದಿರುವಾಗಲೇ ಎಷ್ಟೋ ಮಂದಿ ತಾವಾಗಿಯೇ ಓಡಿಬಂದರೆಂದೂ, ಹೊತ್ತು ಮುಳುಗಿತು, ನಾಳೆ ಬನ್ನಿರೆಂದು ಅಧಿಕಾರಿಗಳು ಹೇಳಿದರೂ ಇಂದೇ ಮುಗಿಸಿಕೊಡಬೇಕೆಂದು ಅಂಗಲಾಚಿದರೆಂದೂ, ತಾಯಿತಂದೆಗಳು ಕೈಗೂಸುಗಳನ್ನೂ ಎತ್ತಿಕೊಂಡು ಬಂದರೆಂದೂ, ಆ ಊರಿನ ಧರ್ಮಾಧ್ಯಕ್ಷನಾಗಿದ್ದ ಸಿಪ್ರಿಯನ್ ಮರುವರ್ಷ ಪತಿತರನ್ನು ಕುರಿತು ಬರೆದ ಗ್ರಂಥದಲ್ಲಿ ಹೇಳಿದ್ದಾನೆ. ದೀಕ್ಷಾಸ್ನಾನಕ್ಕೂ ಪಾಪಕ್ಷಮೆಗೂ ಇರುವ ಸಂಬಂಧವನ್ನು ಕುರಿತು ಕ್ರೈಸ್ತಧರ್ಮವು ಇಂದು ಬೋಧಿಸುವ ಮಾತುಗಳಲ್ಲಿ ಬಹುಭಾಗವು, ಹೀಗೆ ಬಿದ್ದವರನ್ನು ಏನು ಮಾಡಬೇಕೆಂಬ ಪೇಚಾಟದಿಂದ ಹುಟ್ಟಿತೆಂಬುದು ನನ್ನ ನಂಬಿಕೆ.

ಬಿದ್ದವರ ಸಂಕಟವು ಎಷ್ಟು ಘೋರವಾದುದೆಂಬುದನ್ನು ತಿಳಿಯಬೇಕಾದರೆ, ಅವರು ಮೊದಲು ಪಡೆದಿದ್ದುದೇನೆಂಬುದನ್ನು ಅರಿಯಬೇಕು. ಕಾರ್ಥೇಜಿನಲ್ಲಿ ದೀಕ್ಷಾಸ್ನಾನವು ಹೇಗೆ ನಡೆಯುತ್ತಿತ್ತೆಂಬುದನ್ನು, ಸಿಪ್ರಿಯನ್ನನಿಗಿಂತ ಅರ್ಧ ಶತಮಾನದಷ್ಟು ಹಿಂದೆ ಅದೇ ಊರಿನಲ್ಲಿದ್ದ ಟೆರ್ಟುಲಿಯನ್ ಎಂಬ ಲೇಖಕನಿಂದ ತಿಳಿಯಬಹುದು. ಉಪವಾಸ, ಜಾಗರಣೆ, ಪಾಪನಿವೇದನೆಗಳಿಂದ ಸಿದ್ಧರಾದವರು ಮುಖ್ಯವಾಗಿ ಪಾಸ್ಕಹಬ್ಬದ ಕಾಲದಲ್ಲಿ ಸೈತಾನನನ್ನೂ ಅವನ ಆಡಂಬರವನ್ನೂ ಅವನ ದೂತರನ್ನೂ ಸಭೆಯ ಮುಂದೆ ತ್ಯಜಿಸಿ, ನೀರಿಗಿಳಿದು, ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಮೂರು ಬಾರಿ ಮುಳುಗಿ ಏಳುತ್ತಿದ್ದರು. ಎದ್ದವರಿಗೆ ತೈಲಾಭಿಷೇಕವಾಗುತ್ತಿತ್ತು, ತಲೆಯ ಮೇಲೆ ಕೈಯಿಟ್ಟು ಪವಿತ್ರಾತ್ಮನನ್ನು ಆವಾಹಿಸುತ್ತಿದ್ದರು, ಹೊಸದಾಗಿ ಹುಟ್ಟಿದ ಶಿಶುವಿಗೆಂಬಂತೆ ಹಾಲುಜೇನುಗಳನ್ನು ಕೊಡುತ್ತಿದ್ದರು. ಆ ದಿನದಿಂದ ಒಂದು ವಾರ ಅವರು ನಿತ್ಯದ ಸ್ನಾನವನ್ನೂ ಮಾಡುತ್ತಿರಲಿಲ್ಲ. ಮೈಯ ಮೇಲಿನ ಆ ನೀರು ಅಷ್ಟು ಪವಿತ್ರವಾದುದು. ಅದುವರೆಗೆ ಗೈದ ಪಾಪಗಳೆಲ್ಲವೂ, ಕೊಲೆಯೇ ಆಗಲಿ ವ್ಯಭಿಚಾರವೇ ಆಗಲಿ, ಅಲ್ಲಿಗೆ ನಿಶ್ಶೇಷವಾಗಿ ತೊಳೆದುಹೋದುವೆಂಬುದು ಸಭೆಯ ದೃಢವಾದ ಶ್ರದ್ಧೆ.

ಆದರೆ ಈ ಸ್ನಾನವು ಒಮ್ಮೆ ಮಾತ್ರ. ಸ್ನಾನಾನಂತರದ ಪಾಪಕ್ಕೆ ಗತಿಯೇನು? ರೋಮಿನಲ್ಲಿ ಎರಡನೆಯ ಶತಮಾನದಲ್ಲಿ ಬರೆದ ಹೆರ್ಮಸ್ ಎಂಬುವನು, ಸ್ನಾನದ ತರುವಾಯ ಬಿದ್ದವನಿಗೆ ಇನ್ನೊಂದೇ ಒಂದು ಪಶ್ಚಾತ್ತಾಪಕ್ಕೆ ಅವಕಾಶವುಂಟೆಂದಿದ್ದನು. ಟೆರ್ಟುಲಿಯನ್ ಮೊದಲು ಅದನ್ನೊಪ್ಪಿ, ಹಡಗೊಡೆದವನಿಗೆ ಸಿಕ್ಕ ಹಲಗೆಯೊಡನೆ ಆ ಎರಡನೆಯ ಅವಕಾಶವನ್ನು ಹೋಲಿಸಿದನಾದರೂ, ಮುಂದೆ ತೀವ್ರಸಂಯಮಿಗಳಾದ ಮೊಂಟಾನಸ್ಸನ ಪಂಥದವರ ಕಡೆಗೆ ವಾಲಿದ ಮೇಲೆ, ಘೋರಪಾಪಗಳನ್ನು ಕ್ಷಮಿಸುವ ಅಧಿಕಾರ ಧರ್ಮಾಧ್ಯಕ್ಷರಿಗಿಲ್ಲವೆಂದು ವಾದಿಸಿದನು. ಎಳೆಯ ಮಕ್ಕಳನ್ನು ಸ್ನಾನಕ್ಕೆ ಅವಸರಪಡಿಸಬಾರದೆಂದೂ, ನಿರ್ದೋಷವಾದ ವಯಸ್ಸಿಗೆ ಪಾಪವಿಮೋಚನೆಯ ತ್ವರೆಯೇತಕ್ಕೆಂದೂ ಕೇಳಿದವನು ಅವನೇ. ವಿಗ್ರಹಗಳಿಗೆ ಬಲಿಯಿತ್ತವನನ್ನಂತೂ ಮನುಷ್ಯರು ಕ್ಷಮಿಸಲಾರರು, ಅವನನ್ನು ದೇವರ ತೀರ್ಪಿಗೇ ಬಿಡಬೇಕೆಂಬ ಭಾವನೆಯು ಅನೇಕರಲ್ಲಿ ಬೇರೂರಿತ್ತು. ಅಂಥ ಪಾಪ ಮಾಡುವವರು ವಿರಳರಾಗಿದ್ದಾಗ ಈ ಕಟ್ಟುನಿಟ್ಟು ನಡೆಯಿತು. 250ರಲ್ಲಿ ಒಂದು ಊರಿನ ಸಭೆಯ ಬಹುಪಾಲು ಒಂದೇ ಕಾಲದಲ್ಲಿ ಬಿದ್ದುಹೋದಾಗ ಅದು ನಡೆಯದೆ ಹೋಯಿತು.

ಡೆಸಿಯಸ್ಸನು ಕ್ರೈಸ್ತರನ್ನು ಗುರಿಯಾಗಿಟ್ಟುಕೊಂಡೇ ಆ ಆಜ್ಞೆ ಹೊರಡಿಸಿದನೆ, ಅಥವಾ ದಂಡನಾಯಕರ ಅಂತಃಕಲಹದಿಂದಲೂ ಗಡಿಯ ಯುದ್ಧಗಳಿಂದಲೂ ಜರ್ಜರಿತವಾದ ರಾಜ್ಯವನ್ನು ದೇವತಾನುಗ್ರಹದಿಂದ ಒಗ್ಗೂಡಿಸಲು ಹವಣಿಸಿದನೆ ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಆಜ್ಞೆಯ ಮೂಲಪಾಠ ಉಳಿದಿಲ್ಲ. ಈಜಿಪ್ಟಿನ ಮರಳಿನಲ್ಲಿ ದೊರೆತ ನಲವತ್ತಕ್ಕೂ ಮಿಕ್ಕ ಪಪೈರಸ್ ಪತ್ರಗಳು ಮಾತ್ರ ಉಳಿದಿವೆ. ಅವುಗಳಲ್ಲೊಂದು ಮೊಸಳೆಯ ರೂಪದ ಪೆಟೆಸೂಕಸ್ ದೇವರ ಅರ್ಚಕಿಯಾಗಿದ್ದ ಹೆಂಗಸಿಗೆ ಕೊಟ್ಟದ್ದು. ದೇವಾಲಯದ ಅರ್ಚಕಿಯೂ ಬಲಿಯಿತ್ತು ಪತ್ರ ಪಡೆಯಬೇಕಾಯಿತೆಂದರೆ, ಆಜ್ಞೆಯು ಸರ್ವರಿಗೂ ಅನ್ವಯಿಸಿತ್ತೆಂಬುದರಲ್ಲಿ ಸಂಶಯವಿಲ್ಲ. ಅರಸನ ಉದ್ದೇಶವು ಏನಾಗಿದ್ದರೂ, ಏಕದೇವನಲ್ಲದೆ ಅನ್ಯರನ್ನು ಪೂಜಿಸೆವೆಂದು ನೀರಿನಲ್ಲಿ ನಿಂತು ಪ್ರತಿಜ್ಞೆಗೈದಿದ್ದ ಜನಕ್ಕೆ ಅದರ ಫಲ ಒಂದೇ. ರೋಮಿನ ಧರ್ಮಾಧ್ಯಕ್ಷನಾದ ಫೇಬಿಯನ್ 250ರ ಜನವರಿ 20ರಂದು ಪ್ರಾಣ ತೆತ್ತನು. ಕೆಲವರು ಬಲಿಯಿತ್ತರು, ಕೆಲವರು ಧೂಪವನ್ನಷ್ಟೇ ಹಾಕಿದರು, ಇನ್ನು ಕೆಲವರು ಅದಾವುದನ್ನೂ ಮಾಡದೆ, ಅಧಿಕಾರಿಗಳ ಕೈ ಬೆಚ್ಚಗೆ ಮಾಡಿ ಪತ್ರವನ್ನು ಮಾತ್ರ ಕೊಂಡರು. ಈ ಕೊನೆಯವರು ತಾವು ಬಿದ್ದೇ ಇಲ್ಲವೆಂದು ನಂಬಿದ್ದರು.

ಸಿಪ್ರಿಯನ್ ಸಿರಿವಂತನೂ ಅಲಂಕಾರಶಾಸ್ತ್ರದ ಪ್ರಖ್ಯಾತ ಅಧ್ಯಾಪಕನೂ ಆಗಿದ್ದು, ನಡುವಯಸ್ಸಿನಲ್ಲಿ, ಪ್ರಾಯಶಃ 246ರ ಸುಮಾರಿನಲ್ಲಿ, ಕ್ರೈಸ್ತನಾದವನು. ಹಳೆಯ ಅಭ್ಯಾಸಗಳು ಒಳಹೊಕ್ಕು ಬೇರುಬಿಟ್ಟ ಮನುಷ್ಯನು ಒಂದು ಸ್ನಾನದಿಂದ ಹೊಸಬನಾಗುವುದು ಸಾಧ್ಯವೇ ಎಂದು ತಾನೇ ಶಂಕಿಸಿದ್ದೆನೆಂದೂ, ನೀರಿನಿಂದೆದ್ದ ಮೇಲೆ ಶಂಕೆಗಳೆಲ್ಲ ಬೆಳಕಿಗೆ ತಿರುಗಿದುವೆಂದೂ ಅವನು ಡೊನಾಟಸ್ ಎಂಬ ಮಿತ್ರನಿಗೆ ಬರೆದಿದ್ದಾನೆ. ಎರಡು ಮೂರು ವರ್ಷಗಳಲ್ಲೇ ಜನ ಅವನನ್ನು ಧರ್ಮಾಧ್ಯಕ್ಷನನ್ನಾಗಿ ಮಾಡಿದರು. ಹಿರಿಯ ಗುರುಗಳಲ್ಲಿ ಕೆಲವರಿಗೆ ಅದು ಸಹಿಸಲಿಲ್ಲ. ಹಿಂಸೆ ಬಂದಾಗ ಅವನು ಊರು ಬಿಟ್ಟು ಅಡಗಿಕೊಂಡು, ಕಾಗದಗಳ ಮೂಲಕ ಸಭೆಯನ್ನು ನಡೆಸಿದನು. ಅದು ಹೇಡಿತನವೆಂದು ವೈರಿಗಳು ಆಡಿಕೊಂಡರು. ಇತ್ತ ಸೆರೆಮನೆಯಲ್ಲಿ ಚಿತ್ರಹಿಂಸೆಯನ್ನು ತಾಳಿಕೊಂಡು ನಿಂತ ಸಾಮಾನ್ಯರು ಸಭೆಯ ಕಣ್ಣಿಗೆ ಮಹಾತ್ಮರಾದರು. ಅವರಲ್ಲಿ ಪವಿತ್ರಾತ್ಮನೇ ಮಾತಾಡುತ್ತಾನೆಂಬ ಭಾವನೆಯಿತ್ತು. ಪತಿತರು ಅವರ ಬಳಿಗೆ ಹೋಗಿ ‘ಸಮಾಧಾನಪತ್ರ’ಗಳನ್ನು ಪಡೆಯತೊಡಗಿದರು. ಬರಬರುತ್ತ ಆ ಪತ್ರಗಳು ಒಬ್ಬನ ಹೆಸರಿನಲ್ಲಿ ಅವನ ಮನೆಮಂದಿಗೆಲ್ಲ ಅನ್ವಯಿಸುವಂತೆ ಹೊರಟುವು. ಕಡೆಗೆ ಲೂಸಿಯಾನಸ್ ಎಂಬ ಬಂದಿಯು, ಸತ್ತ ಹುತಾತ್ಮನೊಬ್ಬನ ಅಪ್ಪಣೆಯೆಂದು, ಕೇಳಿದವರಿಗೆಲ್ಲ ಪತ್ರ ಹಂಚಿದನು. ಸಿಪ್ರಿಯನ್ನನನ್ನು ವಿರೋಧಿಸುತ್ತಿದ್ದ ಗುರುಗಳು ಅಂಥ ಪತ್ರ ತಂದವರಿಗೆ ಯಾವ ಪ್ರಾಯಶ್ಚಿತ್ತವೂ ಇಲ್ಲದೆ ಪ್ರಭುಭೋಜನವನ್ನು ಬಡಿಸಿದರು.

251ರ ಜೂನಿನಲ್ಲಿ ಡೆಸಿಯಸ್ಸನು ಅಬ್ರಿಟಸ್ಸಿನ ಬಳಿ ಗಾಥರ ಕೈಯಲ್ಲಿ ಮಡಿದನು. ಅದಕ್ಕೂ ಮುಂಚೆಯೇ ಹಿಂಸೆ ತಗ್ಗಿ, ಪಾಸ್ಕಹಬ್ಬದ ತರುವಾಯ ಸಿಪ್ರಿಯನ್ ಊರಿಗೆ ಮರಳಿದ್ದನು. ಆಗ ತಾನು ಕಣ್ಣಾರೆ ಕಂಡುದನ್ನು ಅವನು ಹೀಗೆ ನಿರೂಪಿಸುತ್ತಾನೆ: ಓಡಿಹೋದ ತಾಯಿತಂದೆಗಳು ಹಸುಳೆಯೊಂದನ್ನು ದಾದಿಯ ವಶದಲ್ಲಿ ಬಿಟ್ಟಿದ್ದರು; ದಾದಿಯು ಅದನ್ನು ಅಧಿಕಾರಿಗಳಲ್ಲಿಗೆ ಒಯ್ದಳು; ಮಾಂಸ ತಿನ್ನುವ ವಯಸ್ಸಲ್ಲವಾದುದರಿಂದ ಬಲಿಯಲ್ಲಿ ಉಳಿದ ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ಅದರ ಬಾಯಿಗಿಟ್ಟರು. ಮುಂದೆ ಇದೊಂದನ್ನೂ ಅರಿಯದ ತಾಯಿ ಮಗುವನ್ನು ಆರಾಧನೆಗೆ ತಂದಾಗ, ಪ್ರಾರ್ಥನೆಯ ಹೊತ್ತಿನಲ್ಲಿ ಅದು ತಳಮಳಿಸಿ ಅತ್ತಿತು. ಪಾತ್ರೆಯನ್ನು ಮುಂದೆ ಹಿಡಿದಾಗ ಮುಖ ತಿರುಗಿಸಿ ತುಟಿಗಳನ್ನು ಬಿಗಿದುಕೊಂಡಿತು. ಸಭಾಸೇವಕನು ಬಲವಂತದಿಂದ ಹನಿಸಿದ್ದನ್ನು ಕಾರಿಕೊಂಡಿತು. ಕೂಸಿನ ಕಾಯಿಲೆಯಲ್ಲಿ ಸಿಪ್ರಿಯನ್ ದೈವದ ತೀರ್ಪನ್ನು ಕಂಡನು. ಇಂದಿನ ಓದುಗನಿಗೆ ಹಾಗೆ ಕಾಣದಿರಬಹುದು; ಆದರೆ ಆ ವರ್ಷ ಕಾರ್ಥೇಜಿನ ಪ್ರತಿಯೊಂದು ಮನೆಯೊಳಕ್ಕೂ ಈ ಭಯವು ಹೇಗೆ ಹೊಕ್ಕಿತ್ತೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯವನ್ನು ನಾನು ಕಾಣೆ.

ಆ ವರ್ಷ ಸೇರಿದ ಆಫ್ರಿಕದ ಧರ್ಮಾಧ್ಯಕ್ಷರ ಸಭೆಯು ಎರಡು ಅತಿಗಳ ನಡುವೆ ದಾರಿ ಹುಡುಕಿತು. ಒಬ್ಬೊಬ್ಬರ ಸಂಗತಿಯನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಪತ್ರವನ್ನು ಕೊಂಡವರನ್ನು ಸೇರಿಸಿಕೊಳ್ಳಬಹುದು. ಬಲಿಯಿತ್ತವರು ಪ್ರಾಯಶ್ಚಿತ್ತದಲ್ಲಿ ನಿಂತು, ಮರಣಕಾಲದಲ್ಲಿ ಸಮಾಧಾನವನ್ನು ಹೊಂದಬೇಕು ಎಂದು ಗೊತ್ತುಮಾಡಿದರು. ಮರುವರ್ಷ ಇನ್ನೊಂದು ಹಿಂಸೆಯ ಸೂಚನೆ ಕಂಡಾಗ, ನಾಳೆ ರಕ್ತ ಸುರಿಸಬೇಕಾದವರಿಗೆ ಇಂದು ಪ್ರಭುವಿನ ಪಾತ್ರೆಯನ್ನು ನಿರಾಕರಿಸುವುದು ಹೇಗೆಂದು, ಪ್ರಾಯಶ್ಚಿತ್ತದಲ್ಲಿದ್ದವರೆಲ್ಲರನ್ನೂ ಸೇರಿಸಿಕೊಂಡರು. ಪಾಪವನ್ನು ಬಿಡಿಸುವ ಹಕ್ಕು ಸೆರೆಯಲ್ಲಿ ನಿಂತ ವೀರರದಲ್ಲ, ಧರ್ಮಾಧ್ಯಕ್ಷನ ಮುಖೇನ ಸಭೆಯದು ಎಂಬುದು ಅಲ್ಲಿಗೆ ಸ್ಥಿರಪಟ್ಟಿತು. ಈ ಕಥೆಯ ಮೊದಲನೆಯ ತಿರುವು ಇದು.

ರೋಮಿನಲ್ಲಿ ಇದೇ ಪ್ರಶ್ನೆ ಸಭೆಯನ್ನು ಸೀಳಿತು. 251ರಲ್ಲಿ ಕೊರ್ನೇಲಿಯಸ್ ಎಂಬುವನು ಧರ್ಮಾಧ್ಯಕ್ಷನಾದಾಗ, ಪಂಡಿತನಾದ ನೊವೇಷಿಯನ್ ಎಂಬ ಗುರುವು, ಪತಿತರನ್ನು ಸೇರಿಸಿಕೊಂಡ ಸಭೆಯು ಪರಿಶುದ್ಧವಲ್ಲವೆಂದು ಸಾರಿ, ತಾನೇ ಪ್ರತಿಧರ್ಮಾಧ್ಯಕ್ಷನಾಗಿ ನಿಂತನು. ನೊವೇಷಿಯನ್ನನು ರೋಗಶಯ್ಯೆಯಲ್ಲಿ ನೀರು ಹೊಯ್ಯಿಸಿಕೊಂಡು ದೀಕ್ಷಿತನಾದವನೆಂದು ಕೊರ್ನೇಲಿಯಸ್ ಒಂದು ಕಾಗದದಲ್ಲಿ ಹಳಿದನು. ಆ ಕಾಗದದಲ್ಲಿಯೇ ರೋಮಿನ ಸಭೆಯ ಲೆಕ್ಕವೂ ದೊರೆಯುತ್ತದೆ: 46 ಮಂದಿ ಗುರುಗಳು, 7 ಮಂದಿ ಸಭಾಸೇವಕರು, ಸಭೆಯ ಅನ್ನದಿಂದ ಬದುಕುವ ವಿಧವೆಯರೂ ದೀನರೂ 1,500ಕ್ಕೂ ಮಿಕ್ಕು. ಅಷ್ಟು ದೊಡ್ಡ ಸಂಸಾರವನ್ನು ನಿರ್ದೋಷಿಗಳ ಕೂಟವನ್ನಾಗಿ ಉಳಿಸುವುದು ಸಾಧ್ಯವಿರಲಿಲ್ಲವೆಂಬುದು ಆ ಅಂಕಿಗಳಿಂದಲೇ ತೋರುತ್ತದೆ. ಸಿಪ್ರಿಯನ್ ಕೊರ್ನೇಲಿಯಸ್ಸನ ಪಕ್ಷವನ್ನು ಹಿಡಿದನು. ಅದೇ ಕಾಲದಲ್ಲಿ ಹುಟ್ಟಿದ ಮಗುವಿನ ಸ್ನಾನವನ್ನು ಎಂಟನೆಯ ದಿನದವರೆಗೆ ತಡೆಯಬೇಕೆ ಎಂದು ಫೀಡಸ್ ಎಂಬ ಧರ್ಮಾಧ್ಯಕ್ಷನು ಕೇಳಿದ್ದಕ್ಕೆ, ಸಿಪ್ರಿಯನ್ನನೂ 66 ಮಂದಿ ಸಹೋದ್ಯೋಗಿಗಳೂ ಕೂಡಿ, ತಡೆಯಕೂಡದು, ಶಿಶುವಿಗೆ ಕ್ಷಮಿಸಲ್ಪಡುವುದು ಅದರ ಸ್ವಂತ ಪಾಪವಲ್ಲ, ಪರರದು, ಎಂದು ಉತ್ತರವಿತ್ತರು. ಆಗ ಯಾರೂ ಅಷ್ಟಾಗಿ ಲಕ್ಷಿಸದ ಈ ಸಣ್ಣ ಕಾಗದಕ್ಕೆ ಮುಂದೆ ಮಹತ್ತರವಾದ ಬೆಲೆ ಬಂದಿತು.

ಪತಿತರ ವಿಷಯದಲ್ಲಿ ಕರುಣೆ ತೋರಿದ ಸಿಪ್ರಿಯನ್ನನೇ ಇನ್ನೊಂದು ವಿಷಯದಲ್ಲಿ ಬಂಡೆಯಂತೆ ನಿಂತನು. ನೊವೇಷಿಯನ್ನನ ಪಂಗಡದಲ್ಲಿ ಸ್ನಾನ ಪಡೆದವರು ಕ್ರಮೇಣ ಮೂಲಸಭೆಗೆ ಬರತೊಡಗಿದರು. ಅವರಿಗೆ ಮತ್ತೆ ಸ್ನಾನ ಮಾಡಿಸಬೇಕೆ? ಸಭೆಯ ಹೊರಗೆ ಪವಿತ್ರಾತ್ಮನಿಲ್ಲ. ಆತ್ಮನಿಲ್ಲದ ಕಡೆ ಪಾಪಕ್ಷಮೆಯಿಲ್ಲ. ಪಾಪಕ್ಷಮೆಯಿಲ್ಲದ ನೀರು ಬರಿಯ ನೀರು. ಆದುದರಿಂದ ಬಂದವರಿಗೆ ಮಾಡಿಸುವುದು ಮರುಸ್ನಾನವಲ್ಲ, ಮೊದಲನೆಯ ಸ್ನಾನವೇ ಎಂದು ಸಿಪ್ರಿಯನ್ ವಾದಿಸಿದನು. ರೋಮಿನಲ್ಲಿ 254ರಿಂದ ಧರ್ಮಾಧ್ಯಕ್ಷನಾಗಿದ್ದ ಸ್ತೆಫನನು, ಪರಂಪರೆಯಿಂದ ಬಂದುದನ್ನು ಬಿಟ್ಟು ಹೊಸದನ್ನು ಮಾಡಬಾರದು, ಬಂದವರ ತಲೆಯ ಮೇಲೆ ಪಶ್ಚಾತ್ತಾಪಾರ್ಥವಾಗಿ ಕೈಯಿಟ್ಟರೆ ಸಾಕು ಎಂದನು. ಒಂದೇ ಸ್ನಾನವೆಂಬ ಅಪೊಸ್ತಲನ ಬೋಧೆಯನ್ನು ಇಬ್ಬರೂ ತಂತಮ್ಮ ಆಧಾರವನ್ನಾಗಿ ಮಾಡಿಕೊಂಡರು. 256ರ ಸೆಪ್ಟೆಂಬರ್ 1ರಂದು ಕಾರ್ಥೇಜಿನಲ್ಲಿ ಕೂಡಿದ ಸಭೆಯಲ್ಲಿ 87 ಮಂದಿಯ ಅಭಿಪ್ರಾಯ ಒಂದೊಂದಾಗಿ ದಾಖಲಾಯಿತು. ಎಲ್ಲರೂ ಸಿಪ್ರಿಯನ್ನನ ಪಕ್ಷ. ರೋಮಿಗೆ ಹೋದ ಆಫ್ರಿಕದ ನಿಯೋಗಿಗಳನ್ನು ಸ್ತೆಫನನು ಕಾಣಲೂ ಒಪ್ಪಲಿಲ್ಲ. ಏಷ್ಯಾ ಮೈನರಿನಿಂದ ಫರ್ಮಿಲಿಯನ್ ಎಂಬ ಧರ್ಮಾಧ್ಯಕ್ಷನು ಸ್ತೆಫನನನ್ನು ಉಗ್ರವಾಗಿ ಖಂಡಿಸಿ ಬರೆದನು. ಅಲೆಕ್ಸಾಂಡ್ರಿಯದ ಡಯೊನಿಸಿಯಸ್ ಸಂಧಾನಕ್ಕೆ ಯತ್ನಿಸಿದನು.

ಈ ಜಗಳವನ್ನು ನಿಲ್ಲಿಸಿದುದು ವಲೇರಿಯನ್ ಚಕ್ರವರ್ತಿಯ ಹಿಂಸೆ. ಸ್ತೆಫನನು 257ರಲ್ಲಿ ತೀರಿಕೊಂಡನು. ಸಿಪ್ರಿಯನ್ನನನ್ನು ಕುರೂಬಿಸ್ ಎಂಬ ಕಡಲತಡಿಯ ಊರಿಗೆ ಗಡೀಪಾರು ಮಾಡಿ, ಮರುವರ್ಷ ಕರೆಸಿ, 258ರ ಸೆಪ್ಟೆಂಬರ್ 14ರಂದು ಪ್ರಾಂತಾಧಿಕಾರಿಯಾದ ಗಲೇರಿಯಸ್ ಮ್ಯಾಕ್ಸಿಮಸ್ ಮರಣದಂಡನೆ ವಿಧಿಸಿದನು. ತೀರ್ಪನ್ನು ಕೇಳಿ ಅವನು ದೇವರಿಗೆ ಸ್ತೋತ್ರವೆಂದನು. ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯಗಳನ್ನು ಕೊಡಿರೆಂದು ತನ್ನವರಿಗೆ ಹೇಳಿದನು. ಜನ ಅವನ ಮುಂದೆ ಬಟ್ಟೆಗಳನ್ನು ಹಾಸಿದರು. ರಾತ್ರಿ ದೀಪಗಳನ್ನೂ ಪಂಜುಗಳನ್ನೂ ಹಿಡಿದು ದೇಹವನ್ನು ಒಯ್ದರು. ಎಂಟು ವರ್ಷ ಹಿಂದೆ ಓಡಿಹೋದವನೆಂಬ ಅಪವಾದಕ್ಕೆ ಅವನು ಕೊಟ್ಟ ಉತ್ತರ ಇದು. ಆದರೆ ಅವನ ರಕ್ತವು ಅವನ ಸಿದ್ಧಾಂತಕ್ಕೂ ಪಾವಿತ್ರ್ಯವನ್ನು ತಂದುಕೊಟ್ಟಿತು. ಹುತಾತ್ಮನು ತಪ್ಪು ಹೇಳಿದನೆನ್ನಲು ಆಫ್ರಿಕದಲ್ಲಿ ಯಾರಿಗೆ ಧೈರ್ಯ ಬಂದೀತು?

ಡಯೊಕ್ಲೀಷಿಯನ್ ಅರಸನು 303ರಲ್ಲಿ ಕ್ರೈಸ್ತರ ಗ್ರಂಥಗಳನ್ನು ಸುಡಬೇಕೆಂದು ಆಜ್ಞಾಪಿಸಿದಾಗ ಹಳೆಯ ಗಾಯ ಮತ್ತೆ ಬಿರಿಯಿತು. ಆ ವರ್ಷದ ಮೇ 19ರಂದು ನ್ಯುಮಿಡಿಯದ ಸಿರ್ಟಾ ಊರಿನಲ್ಲಿ ನಗರಾಧಿಕಾರಿಯು ಕ್ರೈಸ್ತರ ಮನೆಯನ್ನು ಶೋಧಿಸಿ ಬರೆಸಿದ ಪಟ್ಟಿಯು ಇಂದಿಗೂ ಉಳಿದಿದೆ: ಚಿನ್ನದ ಪಾತ್ರೆಗಳು 2, ಬೆಳ್ಳಿಯವು 6, ಹೆಂಗಸರ ಅಂಗಿಗಳು 82, ಮುಸುಕುಗಳು 38, ಗಂಡಸರ ಅಂಗಿಗಳು 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರವು 47 ಜೊತೆ. ಬಡಬಗ್ಗರಿಗೆ ಹಂಚಲು ಇಟ್ಟಿದ್ದ ಬಟ್ಟೆಗಳಿರಬೇಕು. ಧರ್ಮಾಧ್ಯಕ್ಷನಾದ ಪೌಲನು ಕುಳಿತು ನೋಡುತ್ತಿದ್ದನು. ಗ್ರಂಥಗಳು ವಾಚಕರ ಮನೆಗಳಲ್ಲಿವೆಯೆಂದು ಅಧಿಕಾರಿಗಳಿಗೆ ತಿಳಿಯಿತು. ಅವರು ಮನೆಮನೆಗೂ ಹೋದರು. ಒಂದೆಡೆ ಗಂಡನಿಲ್ಲದ ಹೊತ್ತಿನಲ್ಲಿ ಹೆಂಡತಿಯೇ 6 ಪುಸ್ತಕಗಳನ್ನು ತಂದೊಪ್ಪಿಸಿದಳು. ಹೀಗೆ ಒಪ್ಪಿಸಿದವರಿಗೆ ದ್ರೋಹಿಗಳೆಂಬ ಹೆಸರು ಅಂಟಿತು. ಕೆಲವು ವರ್ಷಗಳ ಮೇಲೆ ಸಿಸಿಲಿಯನ್ ಎಂಬುವನು ಕಾರ್ಥೇಜಿನ ಧರ್ಮಾಧ್ಯಕ್ಷನಾದಾಗ, ಅವನಿಗೆ ಪಟ್ಟಗಟ್ಟಿದ ಅಪ್ಟುಂಗದ ಫೆಲಿಕ್ಸನು ಗ್ರಂಥದ್ರೋಹಿ, ಆದಕಾರಣ ಆ ಪಟ್ಟವೂ ಅವನ ಕೈಯ ಸ್ನಾನವೂ ಶೂನ್ಯ ಎಂದು ನ್ಯುಮಿಡಿಯದ ಧರ್ಮಾಧ್ಯಕ್ಷರು ಬೇರೊಬ್ಬನನ್ನು ನಿಲ್ಲಿಸಿದರು. ಅವನ ಉತ್ತರಾಧಿಕಾರಿಯಾದ ಡೊನಾಟಸ್ಸನಿಂದ ಆ ಪಕ್ಷಕ್ಕೆ ಹೆಸರಾಯಿತು. 314ರಲ್ಲಿ ಕಾನ್‌ಸ್ಟಂಟೈನನ ಅಪ್ಪಣೆಯಂತೆ ಆರ್ಲ್ ಪಟ್ಟಣದಲ್ಲಿ ಸೇರಿದ ಸಭೆಯು, ತ್ರಿಯೇಕದೇವರ ನಾಮದಲ್ಲಿ ಸ್ನಾನ ಪಡೆದು ಬಂದವರಿಗೆ ಮತ್ತೆ ಸ್ನಾನ ಕೂಡದೆಂದು, ಅಂದರೆ ಸ್ತೆಫನನ ಮಾತೇ ಸರಿಯೆಂದು ತೀರ್ಮಾನಿಸಿತು. ಡೊನಾಟಸ್ಸನ ಕಡೆಯವರು ಒಪ್ಪದೆ, ತಾವೇ ಸಿಪ್ರಿಯನ್ನನ ನಿಜವಾದ ಮಕ್ಕಳೆಂದರು. ಸ್ನಾನದ ವಿಷಯದಲ್ಲಿ ಅದು ಸತ್ಯವೂ ಆಗಿತ್ತು. ಈ ಭೇದವು ನಗರದ ಲ್ಯಾಟಿನ್ ಸಿರಿವಂತರ ವಿರುದ್ಧ ಹಳ್ಳಿಗಾಡಿನ ಜನರ ಪ್ರತಿಭಟನೆಯೆಂದು ಇಂಗ್ಲೆಂಡಿನ ಇತಿಹಾಸಕಾರ ಫ್ರೆಂಡ್ 1952ರಲ್ಲಿ ಪ್ರತಿಪಾದಿಸಿದರೆ, ಎ. ಎಚ್. ಎಂ. ಜೋನ್ಸ್ ಅದನ್ನು ಅಲ್ಲಗಳೆದು, ಜನ ಧರ್ಮವಿಷಯಕ್ಕಾಗಿಯೇ ಕಾದಾಡಿದರೆಂದನು. ನನಗೆ ಜೋನ್ಸನ ಮಾತೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ತನ್ನ ಪಾಪ ತೊಳೆಯಿತೋ ಇಲ್ಲವೋ ಎಂಬ ಚಿಂತೆ ರೈತನಿಗೂ ಉಂಟು.

ಹಿಪ್ಪೊ ಊರಿನ ಧರ್ಮಾಧ್ಯಕ್ಷನಾದ ಆಗಸ್ಟೀನನು 400ರ ಸುಮಾರಿಗೆ ಈ ಗಂಟನ್ನು ಬಿಡಿಸಲು ತೊಡಗಿದನು. ಅವನು ತಾನೇ ಬಾಲ್ಯದಲ್ಲಿ ಕಾಯಿಲೆ ಬಿದ್ದಾಗ ಸ್ನಾನಕ್ಕೆ ಸಿದ್ಧನಾಗಿ, ಗುಣವಾದೊಡನೆ ಅದನ್ನು ಮುಂದೂಡಿಸಿಕೊಂಡು, 387ರ ಪಾಸ್ಕದಲ್ಲಿ ಮಿಲಾನಿನಲ್ಲಿ ಅಂಬ್ರೋಸನ ಕೈಯಿಂದ ದೀಕ್ಷಿತನಾದವನು. ಕೊಡುವವನು ಕಳಂಕಿತನಾದರೆ ಪಡೆಯುವವನು ಶುದ್ಧನಾಗುವುದು ಹೇಗೆಂದು ಎದುರಾಳಿಗಳು ಕೇಳಿದರು. ಪಾದ್ರಿಯ ಮನಸ್ಸನ್ನು ಬಲ್ಲವರಾರು, ಅವನ ಗುಪ್ತಪಾಪದ ಮೇಲೆ ನನ್ನ ಮುಕ್ತಿ ನಿಂತಿದ್ದರೆ ನನಗೆ ನೆಮ್ಮದಿಯೆಲ್ಲಿ ಎಂಬುದು ಆಗಸ್ಟೀನನ ಮರುಪ್ರಶ್ನೆ. ಸ್ನಾನವು ಕ್ರಿಸ್ತನದು, ಯಾರ ಕೈ ನೀರೆರೆದರೂ ದೀಕ್ಷೆ ಕೊಡುವವನು ಕ್ರಿಸ್ತನೇ, ಆದುದರಿಂದ ಹೊರಗಿನವರ ಸ್ನಾನವೂ ಸ್ನಾನವೇ. ಆದರೆ ಪ್ರೀತಿಯನ್ನು ಒಡೆದು ಹೊರಗೆ ನಿಂತವನಿಗೆ ಅದರ ಫಲವಾದ ಪಾಪಕ್ಷಮೆಯು ದಕ್ಕದು. ಐಕ್ಯಕ್ಕೆ ಮರಳಿದಾಗ, ಮೊದಲೇ ಪಡೆದ ಅದೇ ಸ್ನಾನವು ಫಲಿಸುತ್ತದೆ. ಸಂಸ್ಕಾರದ ಸತ್ಯವನ್ನೂ ಅದರ ಫಲವನ್ನೂ ಹೀಗೆ ಬೇರ್ಪಡಿಸಿದುದರಿಂದ, ಸಿಪ್ರಿಯನ್ನನ ಒಂದು ಅರ್ಧವೂ ಸ್ತೆಫನನ ಒಂದು ಅರ್ಧವೂ ಒಟ್ಟಿಗೆ ಉಳಿದುವು. ಸಿಪ್ರಿಯನ್ ತಪ್ಪಿದನು, ಆದರೆ ಭಿನ್ನಾಭಿಪ್ರಾಯವಿದ್ದೂ ಸಭೆಯನ್ನು ಒಡೆಯಲಿಲ್ಲವೆಂದು ಆಗಸ್ಟೀನನು ಹುತಾತ್ಮನ ಗೌರವವನ್ನು ಕಾಪಾಡಿದನು.

411ರ ಜೂನಿನಲ್ಲಿ ಕಾರ್ಥೇಜಿನ ಸ್ನಾನಗೃಹವೊಂದರ ವಿಶಾಲವಾದ ಚಾವಡಿಯಲ್ಲಿ, ಚಕ್ರವರ್ತಿಯ ಪ್ರತಿನಿಧಿ ಮಾರ್ಸೆಲಿನಸ್ಸನ ಸಮ್ಮುಖದಲ್ಲಿ, ಒಂದೊಂದು ಪಕ್ಷದಿಂದಲೂ 280ಕ್ಕೆ ಮೇಲ್ಪಟ್ಟು ಧರ್ಮಾಧ್ಯಕ್ಷರು ನೆರೆದರು. ಪಾಪಿಗಳೊಡನೆ ಕೂಡೆವೆಂದು ಡೊನಾಟಸ್ಸನ ಪಕ್ಷದವರು ನಿಂತೇ ಇದ್ದರು. ಮಾರ್ಸೆಲಿನಸ್ಸನೂ ಮರ್ಯಾದೆಗಾಗಿ ನಿಂತನು. ಜೂನ್ 1, 3, 8 ಈ ಮೂರು ದಿನಗಳ ವಾದವು ಶೀಘ್ರಲಿಪಿಯಲ್ಲಿ ದಾಖಲಾಗಿ, ತೀರ್ಪು ಅವರಿಗೆ ವಿರುದ್ಧವಾಯಿತು. ಬೆನ್ನಿಗೇ ದಂಡ, ಗಡೀಪಾರು, ಆಸ್ತಿಹರಣಗಳ ಶಾಸನಗಳು ಬಂದುವು. ಮೊದಲು ಬಲಾತ್ಕಾರ ಬೇಡವೆಂದಿದ್ದ ಆಗಸ್ಟೀನನೇ ಅವನ್ನು ಸಮರ್ಥಿಸಿದನು. ಕೊಡುವವನ ಕೈ ಹೇಗಿದ್ದರೂ ದೇವರ ದಾನ ಕೆಡದೆಂದು ಅಷ್ಟು ಉದಾರವಾಗಿ ಬೋಧಿಸಿದವನು, ಆ ದಾನದ ಫಲವನ್ನು ದಂಡದ ಭಯದಿಂದ ದಕ್ಕಿಸಬಹುದೆಂದು ನಂಬಿದುದು ಅವನ ಜೀವನದ ದೊಡ್ಡ ಕಲೆಯೆಂದೇ ನಾನು ಭಾವಿಸುತ್ತೇನೆ.

ಅದೇ ವರ್ಷ ಅದೇ ಪಟ್ಟಣದಲ್ಲಿ, ಆದಾಮನ ಪಾಪ ಅವನೊಬ್ಬನನ್ನೇ ಕೆಡಿಸಿತು, ಹುಟ್ಟುವ ಕೂಸು ನಿರ್ದೋಷಿ ಎಂದು ಬೋಧಿಸಿದನೆಂಬ ಆಪಾದನೆಯ ಮೇಲೆ ಪೆಲೇಜಿಯಸ್ ಎಂಬುವನ ಶಿಷ್ಯನಾದ ಸೆಲೆಸ್ಟಿಯಸ್ ವಿಚಾರಣೆಗೊಳಗಾದನು. ಹಾಗಾದರೆ ಸಭೆಯು ಶಿಶುಗಳಿಗೆ ಪಾಪವಿಮೋಚನೆಯ ಸ್ನಾನವನ್ನೇಕೆ ಮಾಡಿಸುತ್ತದೆಂದು ಆಗಸ್ಟೀನನು ಕೇಳಿ, ಸಿಪ್ರಿಯನ್ ಫೀಡಸ್ಸನಿಗೆ ಬರೆದ ಆ ಹಳೆಯ ಕಾಗದವನ್ನು ಹೊರತೆಗೆದನು. 418ರ ಮೇ 1ರಂದು ಕಾರ್ಥೇಜಿನ ಮಹಾಸಭೆಯು ಅವನ ಮತವನ್ನೇ ವಿಧಿಯಾಗಿಸಿತು. ಆಚಾರವು ಮೊದಲು ಬಂದು, ಅದಕ್ಕೆ ಕಾರಣ ಹೇಳುವ ಸಿದ್ಧಾಂತವು ಅದರ ಹಿಂದೆ ಬಂದುದಕ್ಕೆ ಧರ್ಮೇತಿಹಾಸದಲ್ಲಿ ಇದು ಸ್ಪಷ್ಟವಾದ ನಿದರ್ಶನ.

ಮರುಸ್ನಾನ ಮಾಡಿಸುವವರಿಗೆ ಮರಣವನ್ನು ವಿಧಿಸಿದ ಐದನೆಯ ಶತಮಾನದ ಶಾಸನವು ಜಸ್ಟೀನಿಯನ್ನನ ಸಂಹಿತೆಯಲ್ಲಿ ಸೇರಿ ಉಳಿಯಿತು. ಶಿಶುಸ್ನಾನವನ್ನು ಒಪ್ಪದೆ, ನಂಬಿ ಬಂದ ಪ್ರಾಯಸ್ಥರಿಗೇ ಸ್ನಾನ ಮಾಡಿಸಿದ ಫೆಲಿಕ್ಸ್ ಮಾಂಟ್ಸ್ ಎಂಬುವನನ್ನು ಜ್ಯೂರಿಕ್ ನಗರಸಭೆಯು 1527ರ ಜನವರಿ 5ರಂದು ಲಿಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಿಸಿತು; ಎರಡು ವರ್ಷಗಳ ಮೇಲೆ ಸ್ಪೈಯರಿನ ಸಾಮ್ರಾಜ್ಯಸಭೆಯು ಆ ಪ್ರಾಚೀನ ಶಾಸನದ ಬಲದಿಂದಲೇ ಅವನಂಥವರಿಗೆಲ್ಲ ಮರಣದಂಡನೆಯೆಂದು ಸಾರಿತು. ಆರ್ಲಿನ ನಿರ್ಣಯದ ಇನ್ನೊಂದು ಮುಖವು ನಮಗೆ ಹತ್ತಿರದ್ದು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳನ್ನೂ ಒಳಗೊಂಡ ದಕ್ಷಿಣ ಭಾರತ ಸಭೆಯು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪಿತವಾಗುವುದಕ್ಕೆ ಮುಂಚೆ, 1919ರ ತರಂಗಂಬಾಡಿಯ ಸಮಾವೇಶದಿಂದ ಮೊದಲ್ಗೊಂಡು 28 ವರ್ಷ ಚರ್ಚೆ ನಡೆಯಿತು. ಯಾರ ಕೈಯಿಂದ ಪಟ್ಟ ಪಡೆದ ಪಾದ್ರಿ ನಿಜವಾದ ಪಾದ್ರಿಯೆಂಬುದರ ಮೇಲೆ ಆ ಕಾಲವೆಲ್ಲ ಕಾಗದಗಳೂ ಸಭೆಗಳೂ ಬೆಳೆದುವು. ಆದರೆ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಸಭೆಗಳಿಂದ ಬಂದ ಲಕ್ಷಾಂತರ ಜನರಲ್ಲಿ ಯಾರೊಬ್ಬರನ್ನೂ ಮತ್ತೆ ನೀರಿಗಿಳಿಯಬೇಕೆಂದು ಕೇಳಲಿಲ್ಲ.